ಅಪ್‌ಡೇಟ್: ‘ಜಾನಿಟರ್’ ದ್ವಾರಪಾಲಕನಲ್ಲ!

ಅಮೆರಿಕದ ಶಾಲೆಯೊಂದರ ಕಥೆಯನ್ನು ಅನುವಾದಿಸುವಾಗ ‘ಜಾನಿಟರ್’ಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದ್ದೆ. ನಿಘಂಟು ನೋಡಿ ‘ದ್ವಾರಪಾಲಕ’ ಎಂದು ಬರೆದಿದ್ದೆ. ಮುಂದಿನ ಸಾಲಿನಲ್ಲೇ ಆತ ಬಕೆಟ್ ಹಿಡಿದು ಪಡಸಾಲೆ ಒರೆಸುತ್ತಿದ್ದ! ಬೇಲೂರಿನ ಗುಡಿಯ ಬಾಗಿಲಲ್ಲಿ ನಿಂತವನ ಕೈಗೆ ಒರೆಸುವ ಬಟ್ಟೆ ಕೊಟ್ಟಂತಾಯಿತು.

ನಿಘಂಟಿನದು ಪೂರ್ತಿ ತಪ್ಪಲ್ಲ. ಲ್ಯಾಟಿನ್ನಿನಲ್ಲಿ ‘ಯಾನುವಾ’ ಎಂದರೆ ಬಾಗಿಲು. ಜಾನಿಟರ್ ಮೊದಲು ಬಾಗಿಲು ಕಾಯುವವನೇ ಆಗಿದ್ದ. ಈಗ ಅಮೆರಿಕದಲ್ಲಿ ಕಟ್ಟಡದ ಸ್ವಚ್ಛತೆ, ಸಣ್ಣಪುಟ್ಟ ರಿಪೇರಿ ಅವನ ಪಾಲು. ಸ್ಕಾಟ್ಲೆಂಡಿನ ಶಾಲೆಗಳಲ್ಲೂ ಜಾನಿಟರ್ ಎನ್ನುತ್ತಾರೆ, ಇಂಗ್ಲೆಂಡಿನಲ್ಲಿ ಕೇರ್‌ಟೇಕರ್. ಅಮೆರಿಕದ ಹಲವು ಶಾಲೆಗಳಲ್ಲಿ ಅದೇ ಕೆಲಸಕ್ಕೆ ‘ಕಸ್ಟೋಡಿಯನ್’ ಎಂಬ ಗೌರವದ ಹೆಸರಿದೆ. ಆದರೆ ಷೇರುಪೇಟೆಯಲ್ಲಿ ಕಸ್ಟೋಡಿಯನ್ ಎಂದರೆ ಹೂಡಿಕೆದಾರರ ಷೇರುಪತ್ರಗಳನ್ನು ಕಾಪಾಡುವ ಸಂಸ್ಥೆ. ಎಚ್ಚರವಿರಲಿ.

‘ಜವಾನ’ ಎಂಬ ಸಲಹೆಯೂ ಬಂದಿತ್ತು. ನಮ್ಮ ಜವಾನ ಗಂಟೆ ಬಾರಿಸುತ್ತಾನೆ, ಕಡತ ಹೊರುತ್ತಾನೆ. ಬಾಯ್ಲರ್ ರಿಪೇರಿ ಮಾಡುವುದಿಲ್ಲ. ಹಾಗಾಗಿ ಬಿಟ್ಟೆ. ಕೊನೆಗೆ ಮೊದಲ ಸಲ ‘ಶಾಲೆಯ ಕಟ್ಟಡ ನೋಡಿಕೊಳ್ಳುವ ಜಾನಿಟರ್’ ಎಂದು ಬರೆದು, ಆಮೇಲೆ ಬರೀ ‘ಜಾನಿಟರ್’ ಎಂದೇ ಉಳಿಸಿದ್ದೇನೆ. ಸಂಪಾದಕರು ತಕರಾರೆತ್ತಲಿಲ್ಲ.