ಒಂದು ಪೈಪು, ಮೂರು ತೂತು: ಬೇರೆ ಬೇರೆ ಹೆಸರು ಬೇಕು

ಎಲ್ಲರಿಗೂ ನಮಸ್ಕಾರ.

ಹೊಗೆಸೊಪ್ಪು ಸೇದುವ ಮರದ ಪೈಪನ್ನು ಕೈಯಲ್ಲೇ ಮಾಡುವುದನ್ನು ಕಲಿಯುತ್ತಿದ್ದೇನೆ. ನಾನು ಸೇದುವುದಿಲ್ಲ, ಮರಗೆಲಸದ ಹುಚ್ಚು ಅಷ್ಟೆ. ಟಿಪ್ಪಣಿಯನ್ನೆಲ್ಲ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಅದರಿಂದಲೇ ಒಂದು ಒಳ್ಳೆಯ ತುಂಡು ಹಾಳಾಯಿತು.

ಪೈಪಿಗೆ ಮೂರು ಕೊರೆತ ಬೇಕು. ಸೊಪ್ಪು ತುಂಬಲು ಮೇಲಿನಿಂದ ಅಗಲವಾದದ್ದು, ಸುಮಾರು 20 ಮಿ.ಮೀ. ಬಾಯಿಗಿಡುವ ಕೊಳವೆ ಬಂದು ಕೂರಲು ಪಕ್ಕದಿಂದ ಒಂದು, ನನ್ನದರಲ್ಲಿ 8 ಮಿ.ಮೀ. ಇವೆರಡನ್ನೂ ಸೇರಿಸುವ, ಹೊಗೆ ಹಾಯುವ ಸಣ್ಣದು 4 ಮಿ.ಮೀ. ಈ ಸಣ್ಣದು ದೊಡ್ಡದರ ತಳಕ್ಕೇ ಬಂದು ಸೇರಬೇಕು. ಸ್ವಲ್ಪ ಮೇಲಾದರೂ ಅಡಿಯ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿದುಬಿಡುತ್ತದೆ.

ನನ್ನ ಟಿಪ್ಪಣಿಯಲ್ಲಿ ಮೂರಕ್ಕೂ 'ತೂತು' ಅಂತಲೇ ಇತ್ತು. 'ಪಕ್ಕದ ತೂತು ದೊಡ್ಡ ತೂತಿನ ತಳದವರೆಗೆ' ಎಂದು ಓದಿಕೊಂಡು, 8ರ ಬಿಟ್ಟನ್ನೇ ಕೊನೆತನಕ ನುಗ್ಗಿಸಿದೆ. ಪುಡಿ ಊದಿ ನೋಡಿದರೆ ಈ ಕಡೆಯಿಂದ ಆ ಕಡೆ ಬೆಳಕು ಕಾಣುತ್ತಿತ್ತು. ಕೊಳವೆ ತಡೆದು ನಿಲ್ಲಲು ಮೆಟ್ಟಿಲೇ ಇಲ್ಲ.

ಹಾಗಾಗಿ ಹೆಸರು ಹುಡುಕಲು ಕೂತೆ. ಅಗಲದ್ದಕ್ಕೆ 'ಗುಳಿ' ಸಾಕು ಅನ್ನಿಸುತ್ತದೆ. 'ಪೊಟರೆ' ಚೆನ್ನಾಗಿದೆ, ಆದರೆ ಅದರೊಳಗೆ ಗಿಳಿ ಕೂತಿರಬೇಕು, ಅಲ್ವಾ! ಹೊಗೆಯ ಸಣ್ಣ ತೂತಿಗೆ 'ಸೇದುಗಂಡಿ' ಎಂದು ನಾನೇ ಕಟ್ಟಿಕೊಂಡಿದ್ದೇನೆ. ಕನ್ನಡದಲ್ಲಿ ಬಾವಿಯಿಂದ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎರಡೂ ಎಳೆದುಕೊಳ್ಳುವುದೇ. ಆ ತೂತು ಮಾಡುವ ಕೆಲಸವೂ ಅದೇ.

ಇಡೀ ವಸ್ತುವಿಗೆ 'ಚಿಲುಮೆ' ಎನ್ನಬಹುದಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಚಿಲುಮೆ ನೆಟ್ಟಗಿನ ಕೊಳವೆ, ಇದಕ್ಕೆ ಬಟ್ಟಲೂ ಕತ್ತೂ ಬೇರೆ ಬೇರೆ. ಹುಕ್ಕಾದಲ್ಲಿ ಸೊಪ್ಪು, ಕೆಂಡ ಇಡುವ ಮೇಲಿನ ಬಟ್ಟಲನ್ನು ಹಿಂದಿಯಲ್ಲಿ ಚಿಲಮ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಬಟ್ಟಲಿನ ಭಾಗಕ್ಕೆ ಮಾತ್ರ ಒಗ್ಗೀತು. ಜೊತೆಗೆ ನೀರುಕ್ಕುವ ಚಿಲುಮೆ ಬೇರೆ ಇದೆ. ಸುಮ್ನೆ ಗೊಂದಲ. 'ಪೈಪು' ಎಂದರೂ ಪಾಡು ಅದೇ. ಪೈಪು ಮಾಡುತ್ತಿದ್ದೇನೆ ಎಂದಾಗ ಒಬ್ಬರು 'ಎಷ್ಟು ಇಂಚಿನದು?' ಎಂದು ಕೇಳಿದರು.

ಮರದ ಹೆಸರಿನಲ್ಲೂ ಒಂದು ಎಡವಟ್ಟಿದೆ. ಪೈಪಿಗೆ ಜಾಸ್ತಿ ಬಳಸುವುದು ಬ್ರಯರ್. ನಿಘಂಟು ನೋಡಿದರೆ 'ಮುಳ್ಳುಗಿಡ' ಎಂದಿರುತ್ತದೆ. ಈ ಗಿಡಕ್ಕೆ ಮುಳ್ಳೇ ಇಲ್ಲ! ಇದು ಮೆಡಿಟರೇನಿಯನ್ ಕರಾವಳಿಯ ಎರಿಕಾ ಅರ್ಬೋರಿಯಾ. ಫ್ರೆಂಚರ 'ಬ್ರುಯೇರ್' ಇಂಗ್ಲಿಷಿಗೆ ಬಂದು, ಮುಳ್ಳುಗಿಡದ ಹೆಸರಿನೊಡನೆ ಕಲಸಿಹೋಯಿತು. ನಮಗೆ ಬೇಕಾದದ್ದು ಅದರ ಬೇರೂ ಕಾಂಡವೂ ಸೇರುವ ಕಡೆ ಊದಿಕೊಂಡ ಗಡ್ಡೆ. ಅದನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ನಾನು 'ಗಂಟು' ಎಂದು ಬರೆಯುತ್ತಿದ್ದೆ. ಆದರೆ ಹಲಗೆಯಲ್ಲಿ ಕೊಂಬೆ ಇದ್ದ ಕಡೆ ಕಾಣುವ ಕಣ್ಣೂ ಗಂಟೇ. ಈಗ 'ಬುಡಗಡ್ಡೆ' ಎನ್ನುತ್ತೇನೆ.

ಇನ್ನು ಪ್ರಶ್ನೆಗಳು. ಕೊಳವೆಯ ತುದಿಯಲ್ಲಿ ಸಣ್ಣಗೆ ಕಡೆದ ಗೂಟ, ಅದು ಬಿಗಿಯಾಗಿ ಕೂರುವ ಪಕ್ಕದ ತೂತು, ಈ ಜೋಡಿಗೆ ನಿಮ್ಮ ಕಡೆಯ ಬಡಗಿಗಳು ಏನನ್ನುತ್ತಾರೆ? ಸದ್ಯಕ್ಕೆ 'ಗೂಟ', 'ಗೂಡು' ಎಂದು ಬರೆದುಕೊಂಡಿದ್ದೇನೆ, ಪ್ರಾಸಕ್ಕೆ ಸಿಕ್ಕಿದ್ದು. ಕೇಳಿ ಗೊತ್ತಿರುವ ಮಾತನ್ನೇ ತಿಳಿಸಿ, ಸಂಸ್ಕೃತದಲ್ಲಿ ಹೊಸದಾಗಿ ಕಟ್ಟುವುದು ಬೇಡ.

ಇನ್ನೊಂದು, 'ಬಾಯಿ'. ಗಡಿಗೆಗೆ ಬಾಯಿ ಮೇಲಿರುತ್ತದೆ. ಹಾಗೆ ನೋಡಿದರೆ ಬಟ್ಟಲಿನ ಅಂಚು ಪೈಪಿನ ಬಾಯಿ. ಆದರೆ ನಮ್ಮ ಬಾಯಿಗೆ ಬರುವುದು ಆ ಕಡೆಯ ತುದಿ. 'ಬಾಯಿಯ ಹತ್ತಿರ ತೀರಾ ತೆಳುವಾಗಬಾರದು' ಎಂದು ನನ್ನ ಪುಸ್ತಕದಲ್ಲಿದೆ. ಎರಡು ವಾರದ ಹಿಂದೆ ನಾನೇ ಬರೆದದ್ದು. ನೀವಾದರೆ ಯಾವ ತುದಿ ಎಂದುಕೊಳ್ಳುತ್ತೀರಿ?