ಸಹಾಯ ಬೇಕು: ನಾಯಿಮರಿಗೆ ಹೆದರುವ ಮಗಳಿಗೆ ಧೈರ್ಯ ತುಂಬುವುದು ಹೇಗೆ?

ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಮಗಳಿಗೆ 6 ವರ್ಷ. ಹೋದ ವರ್ಷ ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಿನಿಂದ ನಾಯಿ ಅಂದರೆ ನಡುಗುತ್ತಾಳೆ. ತೋಟಕ್ಕೆ ನಾಯಿ ಬೇಕೇ ಬೇಕು, ಹಾಗಾಗಿ 2 ತಿಂಗಳ ಮರಿ ತಂದಿದ್ದೇವೆ. ಮೊದಲ ಲಸಿಕೆ ಆಗಿದೆ, ರೇಬಿಸ್ ಚುಚ್ಚುಮದ್ದು 3 ತಿಂಗಳು ತುಂಬಿದ ಮೇಲೆ.

ಮರಿ ಮಲಗಿದ್ದಾಗ ಕಿಟಕಿ ಸರಳು ಹಿಡಿದು ನೋಡುತ್ತಾಳೆ, "ಅಮ್ಮಾ, ಅದರ ಹೊಟ್ಟೆ ಮೇಲೆ ಕೆಳಗೆ ಆಗ್ತಿದೆ" ಅಂತಾಳೆ. ಅದು ಎದ್ದು ಬಾಲ ಅಲ್ಲಾಡಿಸಿದರೆ ಮುಗೀತು, ಕಿರುಚಿಕೊಂಡು ಓಡುತ್ತಾಳೆ. ಓಡಿದರೆ ಮರಿಗೆ ಆಟ. ಹಿಂದೆಯೇ ಬಂದು ಲಂಗದ ಅಂಚು ಕಚ್ಚಿ ಎಳೆಯುತ್ತದೆ. ಆಮೇಲೆ ಅಳು ನಿಲ್ಲುವುದೇ ಇಲ್ಲ.

"ಕೈಗೆ ಕೊಟ್ಟುಬಿಡು, ಹೆದರಿಕೆ ತಾನೇ ಹೋಗುತ್ತೆ" ಅನ್ನುತ್ತಾರೆ ಅತ್ತೆ. ಬಲವಂತ ಮಾಡಲು ನನಗೆ ಸುತರಾಂ ಮನಸ್ಸಿಲ್ಲ. ಸದ್ಯ ಮರಿಯನ್ನು ಕಟ್ಟಿಹಾಕಿ, ದೂರದಿಂದ ಬಿಸ್ಕತ್ತು ಎಸೆಯಲು ಹೇಳುತ್ತಿದ್ದೇವೆ. ಹೆಸರಿಡುವ ಕೆಲಸವನ್ನೂ ಅವಳಿಗೇ ಬಿಟ್ಟಿದ್ದೇವೆ, ಅದು ಮಾತ್ರ ಖುಷಿ.

ಮುಂದೇನು ಮಾಡಲಿ? ಓಡದೆ ಮರದ ಹಾಗೆ ನಿಲ್ಲುವುದನ್ನು ಇಷ್ಟು ಚಿಕ್ಕ ಮಗುವಿಗೆ ಯಾರಾದರೂ ಕಲಿಸಿದ್ದೀರಾ? ಹಲ್ಲು ಬದಲಾಗುವ 4-5 ತಿಂಗಳಿಗೆ ಮರಿಯ ಕಚ್ಚಾಟ ಇನ್ನೂ ಹೆಚ್ಚುತ್ತದಲ್ಲ, ಅದೇ ಚಿಂತೆ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಇಂಥದ್ದಕ್ಕೆ ಸಲಹೆ ಸಿಗುತ್ತದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.