ತವರಿನ ಹಾಡು ಊರು ಬಿಟ್ಟವರೆಲ್ಲರ ಹಾಡಾ?

ದೋಹಾ ಕನ್ನಡಿಗ: ಮೊನ್ನೆ ಇಲ್ಲಿ ರಾಜ್ಯೋತ್ಸವದಲ್ಲಿ ಒಬ್ಬರು ತವರಿನ ತ್ರಿಪದಿ ಹಾಡಿದರು. ತವರಿನ ದಾರಿಯಲ್ಲಿ ಕಲ್ಲೂ ಇಲ್ಲ, ಮುಳ್ಳೂ ಇಲ್ಲ ಅಂತ ಬರುತ್ತಲ್ಲ, ಅದೇ. ಅರ್ಧ ಸಭೆ ಕಣ್ಣೊರೆಸಿಕೊಂಡಿತು. ತಾಯ್ನಾಡಿನ ಹಂಬಲವನ್ನು ನಮ್ಮ ಜನಪದರು ಎಷ್ಟು ಚೆನ್ನಾಗಿ ಹಾಡಿದ್ದಾರೆ, ಅಲ್ವಾ?

ಬೀಸುಕಲ್ಲು: ಕಣ್ಣೀರಿಗೆ ನನ್ನ ತಕರಾರಿಲ್ಲ ಸರ್. ಆದರೆ ಅದು ತಾಯ್ನಾಡಿನ ಹಾಡಲ್ಲ. ಆ ಹೆಣ್ಣುಮಗಳ ತವರು ಎರಡು ಹರದಾರಿ ದೂರ ಇದ್ದರೆ ಜಾಸ್ತಿ. ಮಾತು ಅದೇ, ರೊಟ್ಟಿ ಅದೇ, ಮಳೆಯೂ ಅದೇ. ನೀವು ರಜೆ ಹಾಕಿ ಟಿಕೆಟ್ ತಗೊಂಡರೆ ಊರು ಸೇರುತ್ತೀರಿ. ಅವಳು ಹೋಗಬೇಕಂದ್ರೆ ಅಣ್ಣ ಕರೆಯಲು ಬರಬೇಕು, ಅತ್ತೆ ಕಳಿಸಬೇಕು. ನಾಗರಪಂಚಮಿ ಹಾಡುಗಳ ತುಂಬ ಇರುವುದು ಈ ದಾರಿ ಕಾಯುವುದೇ.

ಗುಮ್ಮಟದೂರು: ನಿಜ. ನಮ್ಮದು ವಿಜಯಪುರ ಕಡೆ. ಅಜ್ಜಿ ನಸುಕಿನಲ್ಲೇ ಬೀಸಲು ಕೂರುತ್ತಿದ್ದಳು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಜೋಳ. ಎರಡನೇ ಸಾಲು ಬಂದಾಗ ಅದರ ತುಣುಕನ್ನು ಮತ್ತೊಮ್ಮೆ ಎಳೆಯುತ್ತಿದ್ದಳು. ಪುಸ್ತಕದಲ್ಲಿ ಮೂರು ಸಾಲು, ಬಾಯಲ್ಲಿ ನಾಲ್ಕು. ಅತ್ತೆ ಇದ್ದ ಕಾಲದಿಂದ ಹಾಡಿಕೊಂಡು ಬಂದವಳು. ಎದುರಾಡಿದರೆ ಏಟು, ಹಾಡಿದರೆ ಬರೀ ಪದ. ಅರ್ಧ ಹಾಡು ಕಲ್ಲಿನ ಸದ್ದಿಗೇ ಮುಚ್ಚಿಹೋಗುತ್ತಿತ್ತು ಬೇರೆ. ತಮಾಷೆ ಅಂದ್ರೆ, ಅಜ್ಜಿಗೆ ತವರೇ ಉಳಿದಿರಲಿಲ್ಲ. ಅವ್ವ ತೀರಿಕೊಂಡಿದ್ದಳು, ಅಣ್ಣನ ಹೆಂಡತಿ ಮಾತು ಬಿಟ್ಟಿದ್ದಳು. ಹಾಡಿನಲ್ಲಿ ಮಾತ್ರ ದಾರಿ ನುಣ್ಣಗೇ ಇತ್ತು.

ಪುಸ್ತಕದ ಹುಳ: ನಿಮ್ಮ ಕಡೆಯವರೇ ಆದ ಹಲಸಂಗಿ ಗೆಳೆಯರ ಬಳಗ ಹೆಂಗಸರ ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಮೊದಲಾದವರು ಆ ಬಳಗದವರು. ಅವರ ಋಣ ದೊಡ್ಡದು. ಆದರೆ ಹೆಸರಿನಲ್ಲೇ ‘ಗರತಿ’, ಅಂದರೆ ಮರ್ಯಾದಸ್ಥ ಗೃಹಿಣಿ, ಇದ್ದಾಳೆ ನೋಡಿ. ಗಂಡಸರ ಮುಂದೆ ಹಾಡದೆ ಇಟ್ಟುಕೊಂಡ ಪದ ಎಷ್ಟಿದ್ದವೋ!

ದೋಹಾ ಕನ್ನಡಿಗ: ಹಾಗಾದರೆ ನಾವು ಹಾಡಲೇಬಾರದಾ? ನಮ್ಮಮ್ಮನೂ ಈಗಿಲ್ಲ. ಊರಿಗೆ ಹೋದರೆ ಲಾಡ್ಜಿನಲ್ಲಿ ಇಳಿಯುತ್ತೇನೆ.

ಬೀಸುಕಲ್ಲು: ಅಯ್ಯೋ, ಹಾಡಿ ಸರ್. ಅದೇನು ಯಾರಪ್ಪನ ಆಸ್ತಿಯೂ ಅಲ್ಲ. ವೇದಿಕೆ ಹತ್ತಿ ‘ತಾಯ್ನಾಡು’ ಅಂತ ಅರ್ಥ ಹೇಳಬೇಡಿ, ಅಷ್ಟೇ. ನೀವು ಈಗ ಹೇಳಿದಿರಲ್ಲ, ಲಾಡ್ಜು, ಅದು ಹಾಡಿಗೆ ಹತ್ತಿರ.

ಸುಮ್ನೆ ಓದುಗ: ನಮ್ಮೂರಿಂದ ಗೋವಾಕ್ಕೆ ದುಡಿಯಲು ಹೋಗುವ ಹೆಂಗಸರು ಏನು ಹಾಡುತ್ತಾರೆ? ಅದನ್ನೂ ಕೇಳಬೇಕಲ್ವಾ? ಗುಮ್ಮಟದೂರು ಅವರೇ, ಅಜ್ಜಿಯ ಪದ ರೆಕಾರ್ಡ್ ಮಾಡಿದ್ದೀರಾ?

ಗುಮ್ಮಟದೂರು: ಎರಡು ನಿಮಿಷದ್ದು ಇದೆ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷ ಆಗಿತ್ತು. ಸುಮ್ನೆ ಕೂತು ಹಾಡು ಅಂದರೆ ಪದ ನೆನಪಿಗೇ ಬರಲಿಲ್ಲ. ‘ಕೈ ತಿರುಗಬೇಕೋ’ ಅಂದಳು. ಕೊನೆಗೆ ಬರಿಗೈಯನ್ನು ನೆಲದ ಮೇಲೆ ಸುತ್ತಿಸುತ್ತಾ ಹಾಡಿದಳು. ಮಧ್ಯೆ ಕುಕ್ಕರ್ ಸೀಟಿ ಇದೆ, ಕ್ಷಮಿಸಿ.